ಪುಟ್ಟ ಹಡಗಿನ ದೊಡ್ಡ ಬೆಲೆ

ಮರದ ಸಣ್ಣ ಸಣ್ಣ ಪಟ್ಟಿಗಳನ್ನು ಜೋಡಿಸಿ ಹಿಂದಿನ ಕಾಲದ ಹಾಯಿಹಡಗುಗಳ ಪ್ರತಿಕೃತಿಗಳನ್ನು ಕಟ್ಟುವುದು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಬೆಳೆದು ಬಂದಿರುವ ಹವ್ಯಾಸ. ಅದಕ್ಕೆ ಬೇಕಾದ ಬಿಡಿಭಾಗಗಳನ್ನೂ ನಕ್ಷೆಗಳನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಈ ಪೆಟ್ಟಿಗೆಗೆ ಕಿಟ್ ಎಂದು ಹೆಸರು. ಇಟಲಿ, ಸ್ಪೇನ್, ಡೆನ್ಮಾರ್ಕ್ ಮುಂತಾದ ದೇಶಗಳಲ್ಲಿ ಇಂಥ ಕಿಟ್‌ಗಳನ್ನು ತಯಾರಿಸುವುದನ್ನೇ ಕಸುಬಾಗಿ ಉಳ್ಳ ಸಂಸ್ಥೆಗಳಿವೆ. ಇತ್ತೀಚೆಗೆ ಈ ಹವ್ಯಾಸದ ಸುದ್ದಿ ನಮ್ಮ ದೇಶದಲ್ಲಿಯೂ ಹರಡಿದೆ. ಅಂಗೈಯಗಲದ ಪರದೆಯ ಮೇಲೆ ಒಬ್ಬನು ಹಡಗು ಕಟ್ಟುವುದನ್ನು ಕಂಡ ವಿದ್ಯಾರ್ಥಿಗೆ ತಾನೂ ಒಂದನ್ನು ಕಟ್ಟಬೇಕೆಂಬ ಆಸೆ ಹುಟ್ಟುತ್ತದೆ. ಬೆಲೆಯನ್ನು ವಿಚಾರಿಸಿದೊಡನೆ ಆ ಆಸೆ ಬಾಡುತ್ತದೆ.

ಅಫಜಲಪುರದಂಥ ತಾಲ್ಲೂಕು ಸ್ಥಳದಲ್ಲಿ ಭೌತವಿಜ್ಞಾನವನ್ನು ಬೋಧಿಸುವ ನನಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಎದುರಾಗುತ್ತದೆ: "ಸರ್, ಇಂಥ ಹವ್ಯಾಸಗಳೆಲ್ಲ ಹಣವಂತರಿಗೆ ಮಾತ್ರ ಅಲ್ಲವೆ?" ಕೆಲವರು ಇದನ್ನು ದೂರದರ್ಶಕವನ್ನು ಕುರಿತು ಕೇಳುತ್ತಾರೆ, ಕೆಲವರು ರೇಡಿಯೋ ಭಾಗಗಳನ್ನು ಕುರಿತು ಕೇಳುತ್ತಾರೆ, ಹಡಗಿನ ಕಿಟ್ಟನ್ನು ಕುರಿತು ಕೇಳುವವರೂ ಉಂಟು. ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಹಿಂದೆ ಇರುವ ಭಾವನೆ ಸಣ್ಣದಲ್ಲ. ಪುಸ್ತಕದಿಂದ ಕಲಿಯುವ ವಿಜ್ಞಾನ ಎಲ್ಲರದು, ಕೈಯಿಂದ ಕಲಿಯುವ ವಿಜ್ಞಾನ ಮಾತ್ರ ಸಿರಿವಂತರ ಸೊತ್ತು ಎಂಬ ನಂಬಿಕೆ ಒಮ್ಮೆ ಮನಸ್ಸಿನಲ್ಲಿ ಬೇರೂರಿದರೆ, ಆ ವಿದ್ಯಾರ್ಥಿ ಜೀವಮಾನವೆಲ್ಲ ವಿಜ್ಞಾನದ ಪ್ರೇಕ್ಷಕನಾಗಿಯೇ ಉಳಿಯುತ್ತಾನೆ. ಆದುದರಿಂದ ಈ ಬೆಲೆಯ ವಿಷಯವನ್ನು ಸ್ವಲ್ಪ ವಿಚಾರ ಮಾಡಿ ನೋಡುವುದು ಅವಶ್ಯಕ.

ಮೊದಲು, ಕಿಟ್ಟಿನ ಬೆಲೆ ಏಕೆ ಹೆಚ್ಚು ಎಂಬುದನ್ನು ನೋಡೋಣ. ಯೂರೋಪಿನ ಅಂಗಡಿಗಳಲ್ಲಿ ಚಿಕ್ಕ ದೋಣಿಯೊಂದರ ಕಿಟ್ಟಿಗೆ ಕೆಲವು ಹತ್ತು ಯೂರೋಗಳು. ದೊಡ್ಡ ಯುದ್ಧನೌಕೆಯದಾದರೆ ಹಲವು ನೂರು. 'ವಿಕ್ಟರಿ'ಯಂಥ ಪ್ರಸಿದ್ಧ ನೌಕೆಯ ದೊಡ್ಡ ಅಳತೆಯ ಕಿಟ್ಟುಗಳು ಸಾವಿರವನ್ನು ಮೀರುವುದೂ ಉಂಟು. ಒಂದು ಯೂರೋ ಎಂದರೆ ನಮ್ಮ ನೂರು ರೂಪಾಯಿಯ ಆಸುಪಾಸು. ಪೆಟ್ಟಿಗೆಯನ್ನು ತೂಗಿ ನೋಡಿದರೆ ಅದರಲ್ಲಿರುವುದು ಕೆಲವೇ ಕಿಲೋಗ್ರಾಮು ಮರ, ಸ್ವಲ್ಪ ಹಿತ್ತಾಳೆ, ಕೆಲವು ಉಂಡೆ ದಾರ, ಒಂದು ಕಟ್ಟು ಕಾಗದ. ಇಷ್ಟಕ್ಕೆ ಇಷ್ಟೊಂದು ಹಣವೆ ಎಂದು ಯಾರಿಗಾದರೂ ಅನಿಸುವುದು ಸಹಜ.

ಆದರೆ ಬೆಲೆ ಇರುವುದು ಮರದಲ್ಲಿ ಅಲ್ಲ, ಮರಕ್ಕೆ ತೆಗೆದುಕೊಂಡ ಅಳತೆಯಲ್ಲಿ. ಹಡಗಿಗೆ ಬೆನ್ನೆಲುಬಿನಂತಿರುವ ಅಡಿಮರವನ್ನೂ ಅದಕ್ಕೆ ಅಡ್ಡಲಾಗಿ ನಿಲ್ಲುವ ಪಕ್ಕೆಗಳನ್ನೂ ಲೇಸರ್ ಕಿರಣದಿಂದ ಕತ್ತರಿಸಿರುತ್ತಾರೆ. ಈ ಪಕ್ಕೆಗಳ ಮೇಲೆ ಒಂದು ಮಿಲಿಮೀಟರಿನಷ್ಟು ತೆಳುವಾದ, ನಾಲ್ಕೈದು ಮಿಲಿಮೀಟರು ಅಗಲದ ನೂರಾರು ಪಟ್ಟಿಗಳನ್ನು ಬಾಗಿಸಿ ಅಂಟಿಸಬೇಕು. ಒಂದು ಪಕ್ಕೆ ಅರ್ಧ ಮಿಲಿಮೀಟರು ಹೆಚ್ಚಾದರೂ ಪಟ್ಟಿಗಳಲ್ಲಿ ಉಬ್ಬು ಕಾಣಿಸಿಕೊಳ್ಳುತ್ತದೆ. ಬಾಗಿಸಿದಾಗ ಮುರಿಯದ, ಎಳೆ ನೇರವಾಗಿರುವ, ಗಂಟಿಲ್ಲದ ಮರವನ್ನೇ ಆರಿಸಬೇಕು. ಹಳೆಯ ದಾಖಲೆಗಳನ್ನು ಹುಡುಕಿ ನಕ್ಷೆ ಬರೆಯುವವರು ಬೇಕು. ಅದರಂತೆ ಒಂದು ಹಡಗನ್ನು ಕಟ್ಟಿ ಪರೀಕ್ಷಿಸುವವರು ಬೇಕು. ಈ ಶ್ರಮದ ಬಹುಪಾಲು ಮೊದಲ ಪೆಟ್ಟಿಗೆ ಸಿದ್ಧವಾಗುವ ಮೊದಲೇ ಆಗಿಹೋಗುತ್ತದೆ. ಲಕ್ಷಗಟ್ಟಲೆ ಮಾರಾಟವಾಗುವ ವಸ್ತುವಾದರೆ ಈ ಖರ್ಚು ಲಕ್ಷ ಜನರಲ್ಲಿ ಹಂಚಿಹೋಗುತ್ತಿತ್ತು. ಕೊಳ್ಳುವವರು ಕೆಲವರೇ ಆದುದರಿಂದ ಪ್ರತಿಯೊಬ್ಬನ ಪಾಲೂ ದೊಡ್ಡದಾಗುತ್ತದೆ. ಇದರಲ್ಲಿ ಮೋಸವೇನೂ ಇಲ್ಲ.

ಅದು ನಮ್ಮ ದೇಶವನ್ನು ಮುಟ್ಟುವಾಗ ಬೆಲೆ ಇನ್ನೂ ಏರುತ್ತದೆ. ಸುಂಕದ ಪಟ್ಟಿಯಲ್ಲಿ ಹವ್ಯಾಸಕ್ಕಾಗಿ ಮಾಡುವ ಕಿರುಪ್ರತಿಕೃತಿಗಳು ಆಟಿಕೆಗಳ ಗುಂಪಿಗೆ ಸೇರಿವೆ. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಭಾರತ ಸರಕಾರವು 2020ರಲ್ಲಿ ಶೇಕಡ 20ರಿಂದ 60ಕ್ಕೂ, 2023ರಲ್ಲಿ ಶೇಕಡ 70ಕ್ಕೂ ಏರಿಸಿತು. ಉದಾಹರಣೆಗೆ, ಒಂದು ಕಿಟ್ಟಿನ ಬೆಲೆ 100 ಯೂರೋ, ಅದನ್ನು ಸಾಗಿಸುವ ಖರ್ಚು 30 ಯೂರೋ ಎಂದು ಭಾವಿಸೋಣ. ಸುಂಕ ಬೀಳುವುದು ಸಾಗಣೆಯೂ ಸೇರಿದ ಮೊತ್ತದ ಮೇಲೆ. ವ್ಯಾಪಾರಿಯೊಬ್ಬನು ಅದನ್ನು ತರಿಸಿದರೆ 130 ಯೂರೋಗಳ ಶೇಕಡ 70, ಎಂದರೆ 91 ಯೂರೋ ಸುಂಕವಾಗಿ, ಮೊತ್ತ 221 ಯೂರೋಗಳಾಗುತ್ತದೆ. ಇದರ ಮೇಲೆ ಒಳನಾಡಿನ ತೆರಿಗೆ, ವ್ಯಾಪಾರಿಯ ಲಾಭ, ಕಲಬುರಗಿಯವರೆಗೋ ಅಫಜಲಪುರದವರೆಗೋ ಬರುವ ಸಾಗಣೆ. ಕೊನೆಗೆ ವಿದ್ಯಾರ್ಥಿಯ ಕೈಸೇರುವಾಗ ಮೂಲ ಬೆಲೆ ಇಮ್ಮಡಿಗಿಂತ ಹೆಚ್ಚಾಗಿರುತ್ತದೆ.

ಈ ಸುಂಕದ ಉದ್ದೇಶ ಒಳನಾಡಿನ ಆಟಿಕೆ ತಯಾರಕರನ್ನು ರಕ್ಷಿಸುವುದು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಬೇಲಿ ಹಾಕಿದ ಮಾತ್ರಕ್ಕೆ ಹೊಲದಲ್ಲಿ ಬೆಳೆ ಬರುವುದಿಲ್ಲ, ಬಿತ್ತಬೇಕು. ಆ ಬಿತ್ತನೆಯ ವಿಷಯವನ್ನು ಮುಂದೆ ಹೇಳುತ್ತೇನೆ.

ಕಿಟ್ಟಿನ ಪಕ್ಷದವರು ಇನ್ನೊಂದು ವಾದವನ್ನು ಮಂಡಿಸುತ್ತಾರೆ. ದೊಡ್ಡ ಹಡಗೊಂದನ್ನು ಕಟ್ಟಲು ಮುನ್ನೂರು ಗಂಟೆಗಳು ಬೇಕಾದರೆ, ಮೂವತ್ತು ಸಾವಿರ ರೂಪಾಯಿಯ ಕಿಟ್ಟಿಗೆ ಗಂಟೆಗೆ ಬೀಳುವುದು ನೂರು ರೂಪಾಯಿ ಮಾತ್ರ. ಸಿನಿಮಾ ನೋಡುವುದಕ್ಕಿಂತ ಇದೇನೂ ದುಬಾರಿಯಲ್ಲ ಎಂಬುದು ಅವರ ಲೆಕ್ಕ. ಲೆಕ್ಕದಲ್ಲಿ ತಪ್ಪಿಲ್ಲ. ಸಂಬಳ ತರುವ ಹವ್ಯಾಸಿಗೆ ಅದು ಒಪ್ಪಿಗೆಯಾಗಬಹುದು. ಆದರೆ ವಿದ್ಯಾರ್ಥಿಗೆ ಆ ಪೆಟ್ಟಿಗೆಯನ್ನು ಗಂಟೆಯ ಲೆಕ್ಕದಲ್ಲಿ ಯಾರೂ ಮಾರುವುದಿಲ್ಲ. ತೊಗರಿಯ ಬೆಲೆ ಕುಸಿದ ವರ್ಷ ಕಾಲೇಜಿನ ಶುಲ್ಕವನ್ನೇ ಎರಡು ಕಂತುಗಳಲ್ಲಿ ಕಟ್ಟುವ ಮನೆಯ ಹುಡುಗನಿಗೆ ಮೂವತ್ತು ಸಾವಿರ ರೂಪಾಯಿ ಒಂದೇ ಗಂಟಾಗಿ ಎದುರು ನಿಲ್ಲುತ್ತದೆ.

ಹಾಗಾದರೆ ಅವನಿಗೆ ಆಗುವ ನಷ್ಟವೇನು? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಕಿಟ್ಟನ್ನು ಕೊಳ್ಳುವವನು ಏನನ್ನು ಕೊಳ್ಳುತ್ತಾನೆ ಎಂಬುದನ್ನು ತಿಳಿಯಬೇಕು. ಅವನು ಕೊಳ್ಳುವುದು ಬೇರೊಬ್ಬರು ಅಳೆದು ಮುಗಿಸಿದ ಅಳತೆಗಳನ್ನು. ಅವನ ಕೈಗೆ ನಾಜೂಕು ಬರುತ್ತದೆ, ಮನಸ್ಸಿಗೆ ತಾಳ್ಮೆ ಬರುತ್ತದೆ. ಇವು ಅಲ್ಪವಾದ ಲಾಭಗಳಲ್ಲ. ಆದರೆ ಹಡಗಿನ ಹೊಟ್ಟೆ ಏಕೆ ಆ ಆಕಾರದಲ್ಲಿದೆ, ಎಷ್ಟು ಭಾರಕ್ಕೆ ಎಷ್ಟು ಮುಳುಗುತ್ತದೆ, ಯಾವಾಗ ಮಗುಚುತ್ತದೆ ಎಂಬ ಪ್ರಶ್ನೆಗಳನ್ನು ಕೇಳದೆಯೇ ಅವನು ಕೊನೆಯ ದಾರವನ್ನು ಕಟ್ಟಿ ಮುಗಿಸಬಹುದು. ಇಂಥ ಪ್ರತಿಕೃತಿಗಳಲ್ಲಿ ಹೆಚ್ಚಿನವು ಗಾಜಿನ ಪೆಟ್ಟಿಗೆಯೊಳಗೆ ನಿಲ್ಲತಕ್ಕವು, ನೀರಿಗಿಳಿಯತಕ್ಕವಲ್ಲ.

ಸ್ವೀಡನ್ನಿನ 'ವಾಸಾ' ಎಂಬ ಯುದ್ಧನೌಕೆ ಹವ್ಯಾಸಿಗಳಿಗೆ ಬಹು ಪ್ರಿಯವಾದುದು. 1628ರ ಆಗಸ್ಟ್ 10ರಂದು ಅದು ಸ್ಟಾಕ್‌ಹೋಮಿನಲ್ಲಿ ಮೊದಲ ಬಾರಿ ಹಾಯಿ ಬಿಚ್ಚಿತು. ಸುಮಾರು 1,300 ಮೀಟರು ದೂರ ಹೋಗುವಷ್ಟರಲ್ಲಿ ಬೀಸಿದ ಗಾಳಿಗೆ ವಾಲಿ, ಫಿರಂಗಿಗಳ ಕಿಂಡಿಗಳಿಂದ ನೀರು ನುಗ್ಗಿ, ಬಂದರಿನಲ್ಲಿಯೇ ಮುಳುಗಿತು. ಅದಕ್ಕೆ ಸ್ವಲ್ಪ ಮುಂಚೆ ಮೂವತ್ತು ಮಂದಿಯನ್ನು ಅದರ ಅಟ್ಟದ ಮೇಲೆ ಈ ಪಕ್ಕದಿಂದ ಆ ಪಕ್ಕಕ್ಕೆ ಓಡಿಸಿ ಪರೀಕ್ಷಿಸಿದ್ದರು. ಹಡಗು ಅಪಾಯಕರವಾಗಿ ತೂಗಾಡಿದ್ದರಿಂದ ಪರೀಕ್ಷೆಯನ್ನೇ ನಿಲ್ಲಿಸಿದ್ದರು. ಮೇಲುಭಾಗದ ಭಾರ ಹೆಚ್ಚಾಗಿ ಗುರುತ್ವಕೇಂದ್ರ ಮೇಲಕ್ಕೆ ಹೋಗಿದ್ದುದೇ ಈ ದುರಂತಕ್ಕೆ ಕಾರಣ. 1961ರಲ್ಲಿ ಮೇಲೆತ್ತಲ್ಪಟ್ಟ ಆ ನೌಕೆ ಈಗ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪ್ರತಿಕೃತಿಯನ್ನು ವರ್ಷಗಟ್ಟಲೆ ಕುಳಿತು ಅತಿ ಸುಂದರವಾಗಿ ಕಟ್ಟಿದವನಿಗೂ, ಅದು ಏಕೆ ಮುಳುಗಿತೆಂಬುದನ್ನು ಆ ಮರದ ಪಟ್ಟಿಗಳು ಹೇಳಲಾರವು. ಅದನ್ನು ತಿಳಿಯಲು ನೀರು ಬೇಕು, ತೂಕ ಬೇಕು, ಅಳತೆಗೋಲು ಬೇಕು.

ಹಡಗಿನ ಮಾದರಿಯಿಂದ ವಿಜ್ಞಾನವನ್ನು ಪಡೆದ ಮನುಷ್ಯನೊಬ್ಬನ ಉದಾಹರಣೆಯನ್ನು ಇಲ್ಲಿ ಕೊಡಬಹುದು. ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಇಂಜಿನಿಯರು 1867ರಲ್ಲಿ ಡಾರ್ಟ್ ನದಿಯಲ್ಲಿ 'ಸ್ವಾನ್' ಮತ್ತು 'ರೇವನ್' ಎಂಬ ಎರಡು ಆಕಾರಗಳ ಮಾದರಿಗಳನ್ನು ಎಳೆಸಿ ನೀರಿನ ಪ್ರತಿರೋಧವನ್ನು ಅಳೆದನು. ಒಂದೊಂದು ಆಕಾರದಲ್ಲಿಯೂ ಮೂರು, ಆರು, ಹನ್ನೆರಡು ಅಡಿ ಉದ್ದದ ಮಾದರಿಗಳಿದ್ದವು. ಎರಡರಲ್ಲಿ ಯಾವ ಆಕಾರ ಮೇಲು ಎಂಬುದು ವೇಗವನ್ನು ಅವಲಂಬಿಸುತ್ತದೆಂದು ಅವನಿಗೆ ಕಂಡುಬಂದಿತು. ಮಾದರಿಯ ವೇಗವನ್ನು ನಿಜವಾದ ಹಡಗಿನ ವೇಗಕ್ಕೆ ಹೋಲಿಸುವ ನಿಯಮವನ್ನೂ ಅವನು ಸ್ಥಾಪಿಸಿದನು: ಎರಡೂ ಒಂದೇ ಬಗೆಯ ಅಲೆಗಳನ್ನು ಎಬ್ಬಿಸಬೇಕಾದರೆ, ಅವುಗಳ ವೇಗಗಳ ಪ್ರಮಾಣ ಉದ್ದಗಳ ವರ್ಗಮೂಲಗಳ ಪ್ರಮಾಣದಂತಿರಬೇಕು. ನೂರನೆಯ ಒಂದು ಅಳತೆಯ ಮಾದರಿ ಸೆಕೆಂಡಿಗೆ ಒಂದು ಮೀಟರು ಚಲಿಸಿದರೆ, ಅದು ಸೆಕೆಂಡಿಗೆ ಹತ್ತು ಮೀಟರು ಚಲಿಸುವ ಹಡಗಿನ ಕಥೆಯನ್ನು ಹೇಳುತ್ತದೆ.

1870ರಲ್ಲಿ ಬ್ರಿಟಿಷ್ ನೌಕಾ ಇಲಾಖೆ ಈ ಕೆಲಸಕ್ಕಾಗಿ ಎರಡು ಸಾವಿರ ಪೌಂಡುಗಳನ್ನು ಮಂಜೂರು ಮಾಡಿತು. ಟಾರ್ಕಿಯಲ್ಲಿ ಫ್ರೂಡನ ಮನೆಯ ಬಳಿ ನಿರ್ಮಾಣವಾದ ನೀರಿನ ತೊಟ್ಟಿ 1872ರಲ್ಲಿ ಕೆಲಸ ಆರಂಭಿಸಿತು. ಆ ತೊಟ್ಟಿಯಲ್ಲಿ ಎಳೆದ ಮಾದರಿಗಳು ಯಾವುದರಿಂದ ಮಾಡಿದವು? ತೇಗದಿಂದಲ್ಲ, ವಾಲ್‌ನಟ್ ಮರದಿಂದಲೂ ಅಲ್ಲ. ಮೇಣದಬತ್ತಿಗೆ ಬಳಸುವ ಪ್ಯಾರಾಫಿನ್ ಮೇಣದಿಂದ. ಮೇಣವನ್ನು ಸುಲಭವಾಗಿ ಕೆತ್ತಬಹುದು. ಅದು ನೀರನ್ನು ಹೀರುವುದಿಲ್ಲ. ಒಂದು ಆಕಾರ ಸರಿಯಿಲ್ಲವೆಂದು ಕಂಡರೆ ಕರಗಿಸಿ ಇನ್ನೊಂದನ್ನು ಮಾಡಬಹುದು. ಲಕ್ಷಗಟ್ಟಲೆ ಪೌಂಡುಗಳ ಹಡಗುಗಳ ಆಕಾರವನ್ನು ನಿರ್ಧರಿಸಿದ್ದು ಮೇಣದ ಮುದ್ದೆ. ಮಾದರಿಯ ಬೆಲೆಗೂ ಅದು ಕೊಡುವ ಜ್ಞಾನದ ಬೆಲೆಗೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಾಗಿಲ್ಲ.

ಇಂಥ ಕೆಲಸ ನಮ್ಮಿಂದ ದೂರವಾದುದು ಎಂದು ಭಾವಿಸಬೇಕಾಗಿಲ್ಲ. ವಿಶಾಖಪಟ್ಟಣದ ನೌಕಾ ಪ್ರಯೋಗಾಲಯದಲ್ಲಿ ಮಾದರಿಗಳನ್ನು ಎಳೆದು ಪರೀಕ್ಷಿಸಲು 500 ಮೀಟರು ಉದ್ದದ ತೊಟ್ಟಿಯಿದೆ. ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿ, 1916ರಲ್ಲಿ ಆರಂಭವಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವು ಅಣೆಕಟ್ಟು, ಬಂದರು, ನದೀಪಾತ್ರಗಳ ಮಾದರಿಗಳನ್ನು ಕಟ್ಟಿ ಅಭ್ಯಾಸ ಮಾಡುತ್ತದೆ. ಖಡಕ್‌ವಾಸ್ಲಾದಿಂದ ಹೊರಟ ಮುಠಾ ನದಿಯ ನೀರು ಮುಳಾ ನದಿಯೊಡನೆ ಕೂಡಿ ಭೀಮೆಯನ್ನು ಸೇರುತ್ತದೆ. ಆ ಭೀಮೆಯೇ ಉಜನಿ ಜಲಾಶಯವನ್ನು ದಾಟಿ, ಅಫಜಲಪುರ ತಾಲ್ಲೂಕಿನ ಅಂಚಿನಲ್ಲಿ ಸೊನ್ನದ ಬ್ಯಾರೇಜಿನ ಮೂಲಕ ಹರಿದು, ಜೇವರ್ಗಿಯ ಕಡೆಗೆ ಸಾಗುತ್ತದೆ. ನದಿಯ ಮೇಲುಭಾಗದಲ್ಲಿ ವಿಜ್ಞಾನಿಗಳು ಯಾವ ನಿಯಮದಿಂದ ಮಾದರಿಗಳನ್ನು ಅಳೆಯುತ್ತಾರೆಯೋ, ಅದೇ ನಿಯಮ ದೇವಲ ಗಾಣಗಾಪುರದ ಸಂಗಮದ ನೀರಿಗೂ ಅನ್ವಯಿಸುತ್ತದೆ.

ಸಮುದ್ರದಿಂದ ನೂರಾರು ಕಿಲೋಮೀಟರು ದೂರವಿರುವ ನಮ್ಮ ನಾಡಿಗೆ ಹಡಗು ಪರಿಚಿತವಲ್ಲದಿರಬಹುದು. ಆದರೆ ಹರಿಗೋಲು ಪರಿಚಿತವಾದುದು. ಕೃಷ್ಣೆ, ತುಂಗಭದ್ರೆ, ಭೀಮೆಯರ ದಂಡೆಗಳ ಜನ ಶತಮಾನಗಳಿಂದ ಈ ದುಂಡು ದೋಣಿಯಲ್ಲಿ ಹೊಳೆ ದಾಟಿದ್ದಾರೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಆನೆಗುಂದಿಯ ಕಡೆ ದಾಟುವ ಬುಟ್ಟಿಯಂಥ ದೋಣಿಗಳನ್ನು ವರ್ಣಿಸಿದ್ದಾನೆ. ಅವುಗಳ ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನರನ್ನೂ ಕುದುರೆ ಎತ್ತುಗಳನ್ನೂ ಅವು ದಾಟಿಸುತ್ತಿದ್ದವಂತೆ. ತೊಗಲಿನ ಸ್ಥಾನದಲ್ಲಿ ಈಗ ಡಾಂಬರು ಬಳಿದ ಚೀಲ, ಪ್ಲಾಸ್ಟಿಕ್ ಹಾಳೆ ಬಂದಿವೆ. ಫೈಬರಿನ ಹರಿಗೋಲುಗಳೂ ಇವೆ. ಆಕಾರ ಮಾತ್ರ ಅದೇ.

ಈ ಹರಿಗೋಲಿನ ಮಾದರಿಯನ್ನು ಹತ್ತನೆಯ ಒಂದು ಅಳತೆಯಲ್ಲಿ ಮಾಡಿದರೆ ಏನು ಕಲಿಯಬಹುದು, ನೋಡೋಣ. ನಿಜವಾದ ಹರಿಗೋಲಿನ ಅಡ್ಡಳತೆ ಎರಡೂವರೆ ಮೀಟರು ಎಂದಿಟ್ಟುಕೊಳ್ಳೋಣ. ಅದರ ತಳದ ಕ್ಷೇತ್ರಫಲ ಸುಮಾರು 4.9 ಚದರ ಮೀಟರು. ತಳ ಚಪ್ಪಟೆ, ಪಕ್ಕ ನೇರ ಎಂದು ಭಾವಿಸಿದರೆ, ಅದು ಒಂದು ಸೆಂಟಿಮೀಟರು ಮುಳುಗಿದಾಗ ಪಕ್ಕಕ್ಕೆ ಸರಿಸುವ ನೀರು 49 ಲೀಟರು. ಆ ನೀರಿನ ತೂಕ 49 ಕಿಲೋಗ್ರಾಮು. ಎಂದರೆ, ಸಾಧಾರಣ ಮೈಕಟ್ಟಿನ ಒಬ್ಬ ಮನುಷ್ಯ ಹತ್ತಿದರೆ ಹರಿಗೋಲು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಕೆಳಗಿಳಿಯುತ್ತದೆ. ಆರ್ಕಿಮಿಡೀಸನ ತತ್ತ್ವವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದವರಲ್ಲಿ ಎಷ್ಟು ಮಂದಿ ಅದನ್ನು ಈ ರೂಪದಲ್ಲಿ ಕಂಡಿದ್ದಾರೆ?

ಈಗ ಮಾದರಿಗೆ ಬರೋಣ. ಅಡ್ಡಳತೆ 25 ಸೆಂಟಿಮೀಟರಿನ ಬಿದಿರಿನ ಬುಟ್ಟಿಯೊಂದನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ ನೀರಿನಲ್ಲಿ ತೇಲಿಬಿಡಿರಿ. ಉದ್ದ ಹತ್ತರಲ್ಲಿ ಒಂದು ಪಾಲು, ಕ್ಷೇತ್ರಫಲ ನೂರರಲ್ಲಿ ಒಂದು ಪಾಲು, ಘನಫಲ ಸಾವಿರದಲ್ಲಿ ಒಂದು ಪಾಲು. ಆದುದರಿಂದ 49 ಕಿಲೋಗ್ರಾಮಿನ ಮನುಷ್ಯನ ಸ್ಥಾನದಲ್ಲಿ 49 ಗ್ರಾಮು ಸಾಕು. ಪ್ರಯೋಗಶಾಲೆಯ ತೂಕದ ಪೆಟ್ಟಿಗೆಯಿಂದ 50 ಗ್ರಾಮಿನ ತೂಕಗಳನ್ನು ಒಂದೊಂದಾಗಿ ಇಡುತ್ತ ಹೋದರೆ, ಪ್ರತಿಯೊಂದಕ್ಕೂ ಬುಟ್ಟಿ ಸುಮಾರು ಒಂದು ಮಿಲಿಮೀಟರು ಇಳಿಯಬೇಕು. ಹತ್ತು ತೂಕಗಳಿಗೆ ಒಂದು ಸೆಂಟಿಮೀಟರು. ಅಳೆದ ಸಂಖ್ಯೆ ಲೆಕ್ಕದ ಸಂಖ್ಯೆಯೊಡನೆ ಕೂಡದಿದ್ದರೆ ಇನ್ನೂ ಒಳ್ಳೆಯದು. ಬುಟ್ಟಿಯ ಪಕ್ಕ ನೇರವಾಗಿಲ್ಲ, ತಳ ಬಾಗಿದೆ ಎಂಬುದನ್ನು ಆ ವ್ಯತ್ಯಾಸವೇ ತೋರಿಸಿಕೊಡುತ್ತದೆ. ಆಗ ವಿದ್ಯಾರ್ಥಿ ಬೇರೆ ಬೇರೆ ಎತ್ತರಗಳಲ್ಲಿ ಬುಟ್ಟಿಯ ಅಡ್ಡಳತೆಯನ್ನು ಅಳೆದು ಹೊಸ ಲೆಕ್ಕ ಮಾಡುತ್ತಾನೆ. ಹಡಗು ಕಟ್ಟುವ ಇಂಜಿನಿಯರು ಮಾಡುವುದೂ ಇದೇ ಕೆಲಸವನ್ನು.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ತೇಲುವ ವಸ್ತು ಸ್ವಲ್ಪ ವಾಲಿದಾಗ ಮತ್ತೆ ನೆಟ್ಟಗಾಗುವುದೋ ಮಗುಚುವುದೋ ಎಂಬುದನ್ನು ನಿರ್ಧರಿಸಲು ಫ್ರಾನ್ಸಿನ ಪಿಯರ್ ಬೂಗೇ 1746ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಒಂದು ಬಿಂದುವನ್ನು ವಿವರಿಸಿದನು. ಅದಕ್ಕೆ ಮೆಟಾಸೆಂಟರ್ ಎನ್ನುತ್ತಾರೆ. ಗುರುತ್ವಕೇಂದ್ರ ಈ ಬಿಂದುವಿಗಿಂತ ಕೆಳಗಿರುವವರೆಗೆ ದೋಣಿ ನೆಟ್ಟಗಾಗುತ್ತದೆ. ಮೇಲಕ್ಕೆ ಹೋದರೆ ಮಗುಚುತ್ತದೆ. ಚಪ್ಪಟೆ ತಳದ ದುಂಡು ದೋಣಿಯಲ್ಲಿ ಈ ಬಿಂದುವನ್ನು ಕಂಡುಹಿಡಿಯುವುದು ಸುಲಭ. ತ್ರಿಜ್ಯದ ವರ್ಗವನ್ನು, ಮುಳುಗಿದ ಆಳದ ನಾಲ್ಕರಷ್ಟರಿಂದ ಭಾಗಿಸಿದರೆ, ಮುಳುಗಿದ ಭಾಗದ ಮಧ್ಯದಿಂದ ಅದು ಎಷ್ಟು ಎತ್ತರದಲ್ಲಿದೆ ಎಂಬುದು ದೊರೆಯುತ್ತದೆ. ನಮ್ಮ ಹರಿಗೋಲು 10 ಸೆಂಟಿಮೀಟರು ಮುಳುಗಿದ್ದರೆ ಈ ಎತ್ತರ ಸುಮಾರು 390 ಸೆಂಟಿಮೀಟರು. ಆದುದರಿಂದಲೇ ಅದು ಅಷ್ಟು ಭದ್ರ. ಭಾರ ಇಮ್ಮಡಿಯಾಗಿ 20 ಸೆಂಟಿಮೀಟರು ಮುಳುಗಿದರೆ ಎತ್ತರ 195 ಸೆಂಟಿಮೀಟರಿಗೆ ಇಳಿಯುತ್ತದೆ. ಅದೇ ವೇಳೆಗೆ ಅಂಚು ನೀರಿಗೆ ಹತ್ತು ಸೆಂಟಿಮೀಟರು ಹತ್ತಿರವಾಗುತ್ತದೆ. ಜನರೆಲ್ಲ ಎದ್ದು ನಿಂತರೆ ಗುರುತ್ವಕೇಂದ್ರ ಮೇಲೇರುತ್ತದೆ. ಎಲ್ಲರೂ ಒಂದೇ ಕಡೆಗೆ ಸರಿದರೆ ಆ ಕಡೆಯ ಅಂಚು ತಗ್ಗುತ್ತದೆ. ಅಂಚು ಒಮ್ಮೆ ನೀರಿನೊಳಗೆ ಹೋಯಿತೆಂದರೆ ಮೇಲಿನ ಲೆಕ್ಕ ಯಾವ ರಕ್ಷಣೆಯನ್ನೂ ಕೊಡಲಾರದು.

ಇದು ತರಗತಿಯ ಲೆಕ್ಕ ಮಾತ್ರ ಎಂದು ಯಾರೂ ತಿಳಿಯಬಾರದು. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅನೇಕ ಹಳ್ಳಿಗಳು ಜಲಾವೃತವಾದುವು. ಪ್ರವಾಹದ ದಿನ ದೋಣಿಯ ಮುಂದೆ ನಿಂತ ಯುವಕನಿಗೆ, ಇನ್ನೊಬ್ಬರು ಹತ್ತಬಹುದೇ ಹತ್ತಬಾರದೇ ಎಂಬುದು ಊಹೆಯ ವಿಷಯವಾಗಬಾರದು. ಬುಟ್ಟಿ ಮತ್ತು ತೂಕಗಳಿಂದ ಒಮ್ಮೆ ಆಡಿ ಕಲಿತವನು, ಅಂಚು ನೀರಿಗೆ ಎಷ್ಟು ಹತ್ತಿರ ಬಂದಿದೆ ಎಂಬುದರ ಕಡೆಗೆ ಮೊದಲು ಕಣ್ಣು ಹಾಯಿಸುತ್ತಾನೆ. ಕುಳಿತುಕೊಳ್ಳಿರೆಂದು ಉಳಿದವರಿಗೆ ಹೇಳುತ್ತಾನೆ.

ಇಷ್ಟನ್ನು ಹೇಳಿದಾಗ ಒಂದು ಆಕ್ಷೇಪಣೆ ಬರಬಹುದು: ಪಟ್ಟಣದ ಹುಡುಗನಿಗೆ ಮೂರು ಹಾಯಿಕಂಬದ ಹಡಗು, ಹಳ್ಳಿಯ ಹುಡುಗನಿಗೆ ಬುಟ್ಟಿಯೆ? ಬಡವರಿಗೆ ಅಗ್ಗದ ವಿಜ್ಞಾನ ಸಾಕು ಎಂಬುದು ಇದರ ಅರ್ಥವೆ? ಖಂಡಿತ ಅಲ್ಲ. ಮರವನ್ನು ನಾಜೂಕಾಗಿ ಕೊಯ್ದು, ಬಾಗಿಸಿ, ಒಂದಕ್ಕೊಂದು ಕೂಡಿಸುವ ಕೌಶಲವೂ ಎಲ್ಲರಿಗೂ ದೊರೆಯಬೇಕು. ಅದಕ್ಕೆ ಬುಟ್ಟಿ ಸಾಲದು. ಸಣ್ಣ ಹಲ್ಲಿನ ಗರಗಸ, ಉಳಿ, ಅರ, ಕೈರಂಧ್ರಕ, ಇಕ್ಕಳ ಬೇಕು. ಒಬ್ಬ ವಿದ್ಯಾರ್ಥಿ ಇವನ್ನೆಲ್ಲ ಕೊಳ್ಳಲಾರ. ಆದರೆ ಒಂದು ಶಾಲೆ ಒಮ್ಮೆ ಕೊಂಡರೆ ಇಪ್ಪತ್ತು ವರ್ಷ ಬಾಳುತ್ತವೆ. ಕಿಟ್ಟನ್ನು ಒಬ್ಬನು ಒಮ್ಮೆ ಕಟ್ಟಿದರೆ ಮುಗಿಯಿತು. ಒಂದು ದೊಡ್ಡ ಕಿಟ್ಟಿಗೆ ಕೊಡುವ ಹಣವನ್ನು ಹತ್ಯಾರುಗಳಿಗೆ ಕೊಟ್ಟರೆ ಇಪ್ಪತ್ತು ತಂಡಗಳು ಅವನ್ನು ಬಳಸಬಹುದು. ಆದುದರಿಂದ ನನ್ನ ಮೊದಲ ಅಭಿಪ್ರಾಯ ಇದು: ಶಾಲಾ ಕಾಲೇಜುಗಳು ಕಿಟ್‌ಗಳ ಬದಲು ಹತ್ಯಾರುಗಳನ್ನು ಕೊಳ್ಳಬೇಕು, ಅವುಗಳನ್ನು ಬೀರುವಿನಲ್ಲಿ ಬೀಗ ಹಾಕಿಡದೆ, ಪುಸ್ತಕದಂತೆ ವಿದ್ಯಾರ್ಥಿಗಳಿಗೆ ಕೊಡಬೇಕು.

ಇದಕ್ಕೆ ಹಣವೆಲ್ಲಿ ಎಂದು ಕೇಳಬಹುದು. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಸಹಾಯಧನ ದೊರೆಯುವ ಏರ್ಪಾಡಾಯಿತು. ಇಂಥ ಕೊಠಡಿಗಳಲ್ಲಿ ಯಂತ್ರಮಾನವನ ಭಾಗಗಳೂ ಮೂರು ಆಯಾಮದ ಮುದ್ರಣಯಂತ್ರವೂ ಇರುವುದು ಸಂತೋಷವೇ. ಅವುಗಳ ಪಕ್ಕದಲ್ಲಿ ಮರಗೆಲಸದ ಒಂದು ಮೇಜಿಗೂ ಹತ್ತು ಅಡಿ ಉದ್ದದ ನೀರಿನ ತೊಟ್ಟಿಗೂ ಜಾಗವಿರಬೇಕು. ಈ ಯೋಜನೆಗೆ ಒಳಪಡದ ಶಾಲೆಗಳಾದರೆ ಊರಿನ ಬಡಿಗೇರರ ಮನೆಯ ಬಾಗಿಲನ್ನು ತಟ್ಟಬಹುದು. ಬುಟ್ಟಿ ಹೆಣೆಯುವ ಮೇದಾರರನ್ನು ಒಂದು ಶನಿವಾರ ಶಾಲೆಗೆ ಕರೆದು, ಗೌರವಧನ ಕೊಟ್ಟು, ಅವರಿಂದ ಪಾಠ ಹೇಳಿಸಬಹುದು. ಬಿದಿರಿನ ಸೀಳು ಎಷ್ಟು ಬಾಗುತ್ತದೆ, ಯಾವಾಗ ಮುರಿಯುತ್ತದೆ ಎಂಬುದು ಅವರ ಬೆರಳುಗಳಿಗೆ ಗೊತ್ತು. ಸ್ಥಿತಿಸ್ಥಾಪಕತ್ವದ ಅಧ್ಯಾಯವನ್ನು ನಾವು ಅಲ್ಲಿಂದ ಆರಂಭಿಸಿದರೆ ತಪ್ಪೇನು? ನಮ್ಮ ಭಾಗದ ಮಕ್ಕಳು ಜೋಳದ ದಂಟಿನ ಸಿಪ್ಪೆ ಮತ್ತು ಬೆಂಡಿನಿಂದ ಎತ್ತಿನ ಬಂಡಿಗಳನ್ನು ಮಾಡುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ತಿದ್ದುತ್ತಾರೆ. ಪ್ರತಿಕೃತಿ ಮಾಡುವ ಕಲೆ ನಮಗೆ ಪರದೇಶದಿಂದ ಬರಬೇಕಾಗಿಲ್ಲ; ಅದರೊಡನೆ ಅಳತೆಗೋಲು ಮಾತ್ರ ಸೇರಬೇಕು.

ಎರಡನೆಯ ಅಭಿಪ್ರಾಯ ಆ ಬಿತ್ತನೆಯ ಕುರಿತಾದುದು. ಕಿಟ್ಟಿನಲ್ಲಿ ಅತ್ಯಂತ ಬೆಲೆಯುಳ್ಳ ವಸ್ತು ನಕ್ಷೆ ಎಂದು ಹೇಳಿದೆನಷ್ಟೆ. ಯೂರೋಪಿನ ಕಿಟ್‌ಗಳ ಪಟ್ಟಿಯಲ್ಲಿ ಯೂರೋಪಿನ ಹಡಗುಗಳು ತುಂಬಿರುವುದು ಸ್ವಾಭಾವಿಕ. ಆದರೆ ನಮ್ಮಲ್ಲಿ ಹಡಗು ಕಟ್ಟುವ ವಿದ್ಯೆ ಇರಲಿಲ್ಲವೆ? ಮುಂಬಯಿಯಲ್ಲಿ ಪಾರ್ಸಿ ಕುಶಲಿ ಜಮ್‌ಷೇಟ್‌ಜಿ ಬೊಮನ್‌ಜಿ ವಾಡಿಯಾ ಅವರು ತೇಗದಿಂದ ಕಟ್ಟಿದ, 1817ರಲ್ಲಿ ನೀರಿಗಿಳಿದ 'ಟ್ರಿಂಕೊಮಲೀ' ಎಂಬ ನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ನಮ್ಮ ಕರಾವಳಿಯ ಮಚವೆ, ನಮ್ಮ ಹೊಳೆಗಳ ಹರಿಗೋಲು, ಇವುಗಳನ್ನು ಅಳತೆ ತೆಗೆದು, ಅಡ್ಡ ಸೀಳಿಕೆ ಉದ್ದ ಸೀಳಿಕೆಗಳ ನಕ್ಷೆ ಬರೆದು, ಯಾರು ಬೇಕಾದರೂ ಬಳಸುವಂತೆ ಪ್ರಕಟಿಸುವ ಕೆಲಸವನ್ನು ನಮ್ಮ ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೈಗೊಳ್ಳಬಹುದು. ಒಮ್ಮೆ ಬರೆದ ನಕ್ಷೆಯನ್ನು ಸಾವಿರ ಶಾಲೆಗಳಿಗೆ ಹಂಚಲು ಹೆಚ್ಚಿನ ಖರ್ಚಿಲ್ಲ. ಮರದ ದೋಣಿಗಳ ಜಾಗವನ್ನು ಫೈಬರಿನ ದೋಣಿಗಳು ಆಕ್ರಮಿಸುತ್ತಿರುವ ಈ ಕಾಲದಲ್ಲಿ ಇದನ್ನು ಬೇಗನೆ ಮಾಡುವುದು ಒಳ್ಳೆಯದು.

ನಕ್ಷೆ ಇದ್ದರೆ ಬಿಡಿಭಾಗಗಳನ್ನು ಮಾಡುವ ಕೈಗಳು ನಮ್ಮಲ್ಲಿಯೇ ಇವೆ. ಚನ್ನಪಟ್ಟಣದ ಕುಶಲಿಗಳು ಹಾಲೆ ಮರವನ್ನು ಚರಕಿಯಲ್ಲಿ ತಿರುಗಿಸಿ ಅರಗಿನ ಬಣ್ಣ ಕೊಡುತ್ತಾರೆ. ಹಾಯಿಕಂಬ, ರಾಟೆ, ಪೀಪಾಯಿಗಳಂಥ ದುಂಡು ಭಾಗಗಳು ಅವರಿಗೆ ಸುಲಭಸಾಧ್ಯ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಹಗುರ ಮರದಿಂದ ಬೊಂಬೆ ಕೆತ್ತುವವರಿದ್ದಾರೆ. ಶಾಲೆಗಳಿಂದ ನಿಶ್ಚಿತವಾದ ಬೇಡಿಕೆ ಬಂದರೆ, ಯಾವ ಸುಂಕದ ಹಂಗೂ ಇಲ್ಲದ, ನಮ್ಮದೇ ದೋಣಿಗಳ ಕಿಟ್‌ಗಳು ಸಿದ್ಧವಾಗುವುದು ಅಸಾಧ್ಯವಲ್ಲ. ಕೊಳ್ಳುವವರ ಸಂಖ್ಯೆ ಹೆಚ್ಚಿದಷ್ಟೂ ನಕ್ಷೆಯ ಖರ್ಚು ಹಂಚಿಹೋಗಿ ಬೆಲೆ ಇಳಿಯುತ್ತದೆ ಎಂಬುದನ್ನು ಮೇಲೆ ನೋಡಿದ್ದೇವೆ.

ವಿದ್ಯಾರ್ಥಿಮಿತ್ರರೆ, ಹಣವಿದ್ದು ಆಸೆಯಿದ್ದವರು ಕಿಟ್ಟನ್ನು ಕೊಂಡು ಸಂತೋಷದಿಂದ ಕಟ್ಟಲಿ. ಅದು ಸೊಗಸಾದ ಹವ್ಯಾಸ. ಕೊಳ್ಳಲಾರದವರು ಮಾತ್ರ ತಾವು ಬಾಗಿಲಿನ ಹೊರಗೆ ನಿಂತಿದ್ದೇವೆಂದು ಭಾವಿಸಬೇಕಾಗಿಲ್ಲ. ಹತ್ತಿರದ ಹೊಳೆಯಲ್ಲೋ ಕೆರೆಯಲ್ಲೋ ಇರುವ ದೋಣಿಯ ಬಳಿ ಹಿರಿಯರೊಬ್ಬರೊಡನೆ ಹೋಗಿರಿ. ಅದು ದಡದ ಮೇಲೆ ಇರುವಾಗಲೇ, ನಡೆಸುವವರ ಅನುಮತಿ ಪಡೆದು, ಅಗಲವನ್ನೂ ಅಂಚಿನ ಎತ್ತರವನ್ನೂ ಅಳೆದು ಬರೆದುಕೊಳ್ಳಿರಿ. ಅದರ ಹತ್ತರ ಒಂದು ಪಾಲಿನ ಮಾದರಿಯನ್ನು ಮಾಡಿ, ಎಷ್ಟು ಭಾರಕ್ಕೆ ಎಷ್ಟು ಇಳಿಯುತ್ತದೆಂದು ನೋಡಿ, ಆ ದೋಣಿಯಲ್ಲಿ ಎಷ್ಟು ಜನ ಕುಳಿತರೆ ಕ್ಷೇಮ ಎಂದು ಲೆಕ್ಕ ಹಾಕಿರಿ. ಬಳಿಕ ಆ ಸಂಖ್ಯೆಯನ್ನು ದೋಣಿಯವರ ಅನುಭವದೊಡನೆ ಹೋಲಿಸಿ ನೋಡಿರಿ. ಎರಡೂ ಕೂಡಿದರೆ ನಿಮಗೆ ಸಂತೋಷ. ಕೂಡದಿದ್ದರೆ ಏಕೆಂದು ವಿಚಾರಿಸುವ ಕೆಲಸ ನಿಮ್ಮ ಪಾಲಿಗೆ ಉಳಿಯುತ್ತದೆ.